ಹೆಸರಿಲ್ಲದ ಗೇಟು

ಬದುಕಿದ್ದಷ್ಟು ದಿನ ಅವರ ಕಾಲ್ಬೆರಳುಗಳ ಸಂದು ಒಣಗಿದ್ದನ್ನು ನಾನು ನೋಡಲಿಲ್ಲ. ಬಿಳಿಚಿಕೊಂಡು ಸುಕ್ಕುಗಟ್ಟಿದ ಚರ್ಮ, ಅಲ್ಲಲ್ಲಿ ಸೀಳು. ಹೆಬ್ಬೆರಳಿನ ಉಗುರು ಹುಣಿಸೆ ಬೀಜದ ಬಣ್ಣಕ್ಕೆ ತಿರುಗಿ ದಪ್ಪಗಾಗಿತ್ತು. ವರ್ಷದಲ್ಲಿ ಎಷ್ಟೋ ತಿಂಗಳು ನಾಲೆಯ ನೀರಿನಲ್ಲೇ ನಿಲ್ಲುವವರ ಕಾಲು ಹಾಗಿರುತ್ತದೆ. ಸಂಜೆ ಜಗಲಿಯ ಮೇಲೆ ಕೂತು ಕೆಸರುಹುಣ್ಣಿಗೆ ಬೇವಿನೆಣ್ಣೆ ಹಚ್ಚಿಕೊಳ್ಳುತ್ತಾ, ದಾರಿಯಲ್ಲಿ ಹೋಗುವವರಿಗೆಲ್ಲ ತಲೆಗೊಂದು ಮಾತು ಬೈಯುತ್ತಿದ್ದರು. ಬೈಸಿಕೊಳ್ಳದೆ ಮನೆ ಸೇರಿದ ದಿನ, ಅವರಿಗೆ ಹುಷಾರಿಲ್ಲವೇನೋ ಎಂದು ನಾವೇ ಹೋಗಿ ವಿಚಾರಿಸಿಕೊಂಡು ಬರುತ್ತಿದ್ದೆವು.

ಅವರು ನಮ್ಮೂರಿನ ನೀರುಗಂಟಿ. ಹುಲ್ಲಹಳ್ಳಿ ಕಡೆಯಿಂದ ಬರುವ ನಾಲೆಗೆ ನೀರು ಬಿಟ್ಟಾಗ ಯಾರ ಗದ್ದೆಗೆ ಎಷ್ಟು ಹೊತ್ತು, ಯಾವ ತೂಬಿನ ಹಲಗೆ ಯಾವಾಗ ಎತ್ತಬೇಕು, ಯಾವಾಗ ಇಳಿಸಬೇಕು ಎಂದು ನೋಡಿಕೊಳ್ಳುವ ಕೆಲಸ. ಅವರಪ್ಪನೂ ಅದನ್ನೇ ಮಾಡಿದವರು. ಊರಿಗೆಲ್ಲ ನೀರು ಹಂಚಿದ ಆ ಮನೆಗೆ ಸ್ವಂತದ್ದೆಂದು ಒಂದು ಗುಂಟೆ ಗದ್ದೆ ಇರಲಿಲ್ಲ. ಅವರಿಗೆ ಎಪ್ಪತ್ತು ದಾಟಿದ ಮೇಲೂ ಮೇಲಿನ ಬೀದಿಯ ಮೀಸೆ ಮೂಡದವರು ಕೂಡ 'ಲೋ ನೀರ್ಗಂಟಿ' ಎಂದೇ ಕರೆಯುತ್ತಿದ್ದರು. ಇದನ್ನು ಬರೆಯುವಾಗಲೂ ನನಗೆ ಮೈ ಉರಿಯುತ್ತದೆ. ನಾನು ಅವರನ್ನು ಮಾವ ಎನ್ನುತ್ತಿದ್ದೆ.

ಮಾವ ಎನ್ನುವುದಕ್ಕೆ ಕಾರಣವಿದೆ. ನಮ್ಮಪ್ಪ ತೀರಿಕೊಂಡ ವರ್ಷ ನಾನು ಹತ್ತನೇ ಕ್ಲಾಸು. ನಾಲೆಯ ತೀರಾ ಕೊನೆಯಲ್ಲಿ ನಮ್ಮದು ಅರ್ಧ ಎಕರೆ. ಗಂಡಸಿಲ್ಲದ ಮನೆ ಎಂದು ಮೇಲಿನ ಗದ್ದೆಯವರು ಸರದಿ ಮುಗಿದರೂ ನೀರು ಬಿಡಲಿಲ್ಲ. ನಾಟಿ ಮಾಡಿದ ಪೈರು ಕೆಂಪಾಗುತ್ತಿತ್ತು, ಅವ್ವ ಬದುವಿನ ಮೇಲೆ ಕೂತು ಅಳುತ್ತಿದ್ದಳು. ನೀರುಗಂಟಿಯವರು ಬಂದು ನೋಡಿದರು. ಸೀದಾ ಹೋಗಿ ಮೇಲಿನ ತೂಬಿನ ಹಲಗೆ ಇಳಿಸಿ, ಅದರ ಮೇಲೆಯೇ ಕೂತು, ಗುದ್ದಲಿಯನ್ನು ತೊಡೆಯ ಮೇಲೆ ಅಡ್ಡ ಇಟ್ಟುಕೊಂಡರು. ಬೆಳಿಗ್ಗೆಯಿಂದ ಹೊತ್ತು ಇಳಿಯುವವರೆಗೆ ಅಲ್ಲಿಂದ ಏಳಲಿಲ್ಲ. ಮೇಲಿನವರು ಬಂದು ಕೂಗಾಡಿದಾಗ ಅವರು ಹೇಳಿದ್ದು ನನಗೆ ಈಗಲೂ ಕಿವಿಯಲ್ಲಿದೆ.

"ಆ ಯಮ್ಮನ ಗದ್ದೆ ತುಂಬ್ಲಿ, ಆಮೇಲೆ ಏಳ್ತೀನಿ. ಅರ್ಜೆಂಟಿದ್ರೆ ಈ ಗುದ್ಲಿ ತಕ್ಕಂಡು ನನ್ ಮೇಲೇ ಆಕಿ, ಓಗಿ."

ಯಾರೂ ಹಾಕಲಿಲ್ಲ. ಆ ವರ್ಷ ನಮ್ಮ ಮನೆಯಲ್ಲಿ ಅನ್ನ ಬೆಂದದ್ದು ಆ ಒಂದು ದಿನದಿಂದ.

ಈಗ ಕಾಲುದಾರಿಯ ವಿಷಯ. ನಮ್ಮೂರಿನ ಕೆಳಬೀದಿಯಿಂದ ಹೊರಟು, ಗದ್ದೆಗಳ ನಡುವೆ ಹಾದು, ನಾಲೆಯ ಏರಿ ಹತ್ತಿ ಇಳಿದು, ಹುಲ್ಲಹಳ್ಳಿ ರಸ್ತೆ ಸೇರುವ ದಾರಿ ಅದು. ರಸ್ತೆಗೆ ಬಂದು ನಿಂತರೆ ಎದುರಿಗೇ ಹಾಲಿನ ಡೈರಿ, ಪಕ್ಕದಲ್ಲಿ ಬಸ್‌ಸ್ಟಾಪು. ನಡೆದರೆ ಹತ್ತು ನಿಮಿಷ. ಟಾರು ರಸ್ತೆಯಲ್ಲಿ ಸುತ್ತಿಕೊಂಡು ಹೋದರೆ ಮುಕ್ಕಾಲು ಗಂಟೆ, ಅದೂ ಕಬ್ಬಿನ ಲಾರಿಗಳ ಗಾಳಿಗೆ ಸಿಕ್ಕಿ. ಹಳೆಯ ಗ್ರಾಮನಕ್ಷೆಯಲ್ಲಿ ಈ ದಾರಿ ಚುಕ್ಕಿಚುಕ್ಕಿ ಗೆರೆಯಾಗಿ ಕಾಣುತ್ತದೆ. ರಸ್ತೆ ಸೇರುವ ತುದಿಯಲ್ಲಿ ಎದೆಯೆತ್ತರದ ಎರಡು ಕಲ್ಲುಕಂಬಗಳು, ಒಂದು ಕಂಬದಲ್ಲಿ ಸೀಸ ಹುಯ್ದು ಕೂರಿಸಿದ ಎರಡು ಕಬ್ಬಿಣದ ಕೊಕ್ಕೆ, ಆ ಕೊಕ್ಕೆಗಳ ಮೇಲೆ ತೂಗುವ ಜಾಲಿಮರದ ಗೇಟು. ಒಂದು ಸೈಕಲ್ಲು, ಇಲ್ಲವೇ ಹುಲ್ಲಿನ ಹೊರೆ ಹೊತ್ತ ಹೆಂಗಸು ಹಾಯುವಷ್ಟು ಅಗಲ. ರಸ್ತೆಯ ದನಗಳು ಗದ್ದೆಗೆ ನುಗ್ಗದಿರಲಿ ಎಂದು ಯಾವ ಕಾಲದಲ್ಲೋ ನಿಲ್ಲಿಸಿದ್ದು. ಜನಕ್ಕೆ ತೆರೆಯಬೇಕು, ದನಕ್ಕೆ ಮುಚ್ಚಬೇಕು, ಅಷ್ಟೇ ಅದರ ಕೆಲಸ.

ಪೈರು ನಿಂತಿರುವಾಗ ಗೇಟು ತೆಗೆದವರೇ ಮುಚ್ಚಿ ಹೋಗಬೇಕು ಎಂಬುದು ಊರಿನ ಕಟ್ಟಳೆ. ಆ ಕಟ್ಟಳೆಗೆ ಪೊಲೀಸು, ಜಡ್ಜು ಎರಡೂ ನೀರುಗಂಟಿಯವರೇ. ನಾನು ಬೋರ್ಡು ಬರೆಯುವವನು. ಹುಲ್ಲಹಳ್ಳಿಯಲ್ಲಿ ನನ್ನದೊಂದು ಚಿಕ್ಕ ಅಂಗಡಿ. ಒಂದು ಬೆಳಿಗ್ಗೆ ಎರಡು ಕೈಯಲ್ಲೂ ಪೇಂಟಿನ ಡಬ್ಬ ಇದ್ದವೆಂದು ಗೇಟನ್ನು ಸೊಂಟದಿಂದ ತಳ್ಳಿಕೊಂಡು ಹೋಗಿಬಿಟ್ಟೆ. ಮುಂದಿನ ಬಸ್ಸಿಗೇ ಅವರು ಅಂಗಡಿಗೆ ಬಂದು ನಿಂತರು.

"ನಡೀಲಾ, ಗೇಟು ಮುಚ್ಚೋಗುವಂತೆ."

"ನೀವು ಮುಚ್ಚೇ ಬಂದಿರ್ತೀರಲ್ಲ ಮಾವ?"

"ನಾನು ಮುಚ್ಚಿದ್ದು ನನ್ ಪಾಲಿಂದು. ನಿನ್ ಪಾಲಿಂದು ನೀನು ಮುಚ್ಚು."

ಅಂಗಡಿಗೆ ಬೀಗ ಹಾಕಿಸಿ, ಬಸ್ಸು ಹತ್ತಿಸಿ, ವಾಪಸು ಕರೆದುಕೊಂಡು ಬಂದರು. ಮುಚ್ಚಿದ್ದ ಗೇಟನ್ನು ತಾವೇ ತೆಗೆದು ಪಕ್ಕಕ್ಕೆ ಸರಿದು ನಿಂತರು. ನಾನು ಮುಚ್ಚಿದೆ. "ಈಗ ಓಗು" ಎಂದರು. ಡೈರಿಯ ಮುಂದೆ ನಿಂತಿದ್ದವರೆಲ್ಲ ನಕ್ಕರು. ಅವತ್ತು ನನಗೆ ಕೆಂಡದಂಥ ಸಿಟ್ಟು ಬಂದಿತ್ತು. ಆದರೆ ಆಮೇಲೆ ಒಂದು ದಿನವೂ ಆ ಗೇಟನ್ನು ತೆರೆದಿಟ್ಟು ಹೋಗಲಿಲ್ಲ.

ಗೇಟಿಗೂ ವಯಸ್ಸಾಯಿತು. ಬುಡದ ಪಟ್ಟಿ ಗೆದ್ದಲು ತಿಂದು ಪುಡಿಯಾಯಿತು, ಮೇಲಿನ ಸರಳನ್ನು ಸೈಕಲ್ ಟ್ಯೂಬಿನಿಂದ ಕಟ್ಟಿದ್ದಾಯಿತು. ತೆಗೆಯಬೇಕಾದರೆ ಒಂದು ಕೈಯಲ್ಲಿ ಎತ್ತಿ, ಕಾಲಿನಿಂದ ಒದ್ದು, ಭುಜದಿಂದ ತಳ್ಳಬೇಕು. ಪಂಚಾಯ್ತಿಗೆ ಅರ್ಜಿ ಕೊಟ್ಟರೆ ಮುಂದಿನ ವರ್ಷದ ಪಟ್ಟಿಗೆ ಸೇರಿಸುತ್ತೇವೆ ಎಂದರು. ಮುಂದಿನ ವರ್ಷವೂ ಮುಂದಿನ ವರ್ಷವೇ ಎಂದರು. ಮೂರನೇ ಸಲ ನೀರುಗಂಟಿಯವರು ಅಲ್ಲಿ ಬೈದ ಬೈಗುಳವನ್ನು ಇಲ್ಲಿ ಬರೆಯಲಾಗುವುದಿಲ್ಲ. ಬೈದು ಬಂದವರೇ ಮನೆಮನೆಗೆ ಹೋದರು. "ದುಡ್ಡು ಬ್ಯಾಡ. ಒಂದು ಸೋಮ್ವಾರ ಕೊಡಿ. ಮನೇಲಿ ಏನ್ ಬಿದ್ದದೋ ಅದ ತನ್ನಿ" ಎಂದರು. ಸೋಮವಾರ ನಮ್ಮ ಕಡೆ ಎತ್ತಿಗೆ ನೊಗ ಇಡುವುದಿಲ್ಲ. ಎತ್ತು ಹೋಗಿ ಟ್ರ್ಯಾಕ್ಟರು ಬಂದಿದ್ದರೂ ಅವತ್ತು ಬೇಸಾಯಕ್ಕೆ ಬಿಡುವು ಉಳಿದುಕೊಂಡಿದೆ. ಅವರೂ ಸೇರಿ ಹದಿನಾಲ್ಕು ಜನ ಆದೆವು, ಅದರಲ್ಲಿ ಒಂಬತ್ತು ಜನ ದಿನಾ ಡೈರಿಗೆ ಹಾಲು ಹೊರುವ ಹೆಂಗಸರು.

ಕೆಲಸದ ಮಾತಾಡಲು ಗೇಟಿನ ಹತ್ತಿರ ಸೇರಿದ್ದಾಗ ಒಂದು ಕಾರು ಬಂತು. ಗೇಟಿನ ಎರಡೂ ಪಕ್ಕದ ಜಮೀನನ್ನು ನಂಜನಗೂಡಿನ ಒಬ್ಬರು ಆ ವರ್ಷವಷ್ಟೇ ಕೊಂಡಿದ್ದರು. ಅಲ್ಲಿ ಮದುವೆ ಛತ್ರ ಇಟ್ಟವರು, ಹಾಗಾಗಿ ನಾವೆಲ್ಲ ಛತ್ರದ ಯಜಮಾನರು ಎನ್ನುತ್ತಿದ್ದೆವು. ಕಾರಿನಿಂದ ಇಳಿದು ಎಲ್ಲರಿಗೂ ಕೈಮುಗಿದರು.

"ಊರಿನ ಕೆಲಸ ಅಂತ ಕೇಳ್ದೆ. ನನ್ನದೂ ಒಂದು ಅಳಿಲು ಸೇವೆ ಇರಲಿ. ಕಬ್ಬಿಣದ ಗೇಟೇ ಮಾಡಿಸಿಕೊಡ್ತೀನಿ, ಹಳೇ ಸೌದೆ ಯಾಕೆ?"

ಡೈರಿ ಸೆಕ್ರೆಟರಿಯ ಮುಖ ಅರಳಿತು. ಹೆಂಗಸರು ಒಳ್ಳೇದಾಯ್ತು ಬುಡಿ ಎಂದರು. ನೀರುಗಂಟಿಯವರು ಒಬ್ಬರೇ ಗೇಟಿನ ಕಂಬಕ್ಕೆ ಒರಗಿ ನಿಂತು ಕೇಳಿದರು. "ಎಲ್ಲಾರ್ ದಾರಿಗೆ ಒಬ್ರು ಕಬ್ಬಿಣ ಯಾಕೆ? ನಾವೇ ಒಂದೊಂದು ತುಂಡು ತರುಮ."

"ಪುಕ್ಸಟ್ಟೆ ಕೊಡ್ತೀನಿ ಅಂತಾವ್ರೆ, ನಿಂದೊಂದು" ಎಂದ ಸೆಕ್ರೆಟರಿ. ಆ ಕಡೆ ತಲೆಯಾಡಿಸಿದವರಲ್ಲಿ ನಾನೂ ಇದ್ದೆ. ಹದಿಮೂರು ಜನ ಒಂದು ಕಡೆ, ಅವರೊಬ್ಬರು ಒಂದು ಕಡೆ.

ಸೋಮವಾರ ಕೆಲಸ ನಡೆಯಿತು. ವಾಲಿದ್ದ ಕಂಬವನ್ನು ಬುಡ ಅಗೆದು ನೆಟ್ಟಗೆ ನಿಲ್ಲಿಸಿ ಜಲ್ಲಿ ಹಾಕಿ ದಮ್ಮಸ್ಸು ಮಾಡಿದ್ದು ಹೆಂಗಸರು. ನನ್ನ ಹೆಂಡತಿ ಎಲ್ಲರಿಗೂ ರಾಗಿಮುದ್ದೆ, ಹುರುಳಿಕಾಳಿನ ಸಾರು ಹೊತ್ತು ತಂದಳು. ಹುಲ್ಲಹಳ್ಳಿಯಿಂದ ವೆಲ್ಡಿಂಗ್ ಅಂಗಡಿಯವನು ಹೊಸ ಗೇಟು ತಂದು ಹಳೆಯ ಕೊಕ್ಕೆಗಳಿಗೇ ತೂಗಿಸಿದ. ನಿಜ ಹೇಳಬೇಕೆಂದರೆ ಸುಂದರವಾದ ಗೇಟು; ಒಂದು ಬೆರಳಿನಲ್ಲಿ ತಳ್ಳಿದರೆ ಸದ್ದಿಲ್ಲದೆ ತೆರೆಯುತ್ತಿತ್ತು.

"ಮೇಲಿನ ಕೊಕ್ಕೆಗೆ ಒಂದು ತುಂಡು ಅಡ್ಡ ವೆಲ್ಡ್ ಮಾಡ್ಬುಡ್ತೀನಿ ತಾತ" ಎಂದ ಅವನು. "ಇಲ್ದಿದ್ರೆ ಯಾರಾದ್ರೂ ಎತ್ಕೊಂಡು ಓಯ್ತಾರೆ."

"ಬ್ಯಾಡ" ಎಂದರು ನೀರುಗಂಟಿಯವರು. "ಎತ್ತಾಕೆ ಬರ್ದೆ ಇರೋ ಅಲ್ಗೆ ತೂಬಿಗೆ ಆಕಾಕಿಲ್ಲ ನಾವು. ನೀರು ಜಾಸ್ತಿ ಬಂದ ದಿನ ಏನ್ ಮಾಡ್ತೀಯ?"

"ಇದು ಗೇಟು ತಾತ, ತೂಬಲ್ಲ."

"ನಂಗೆ ಎಲ್ಲಾ ಒಂದೇ. ಬ್ಯಾಡ ಅಂದ್ರೆ ಬ್ಯಾಡ."

ಮುದುಕರ ಹಟ ಎಂದುಕೊಂಡು ಅವನು ಬಿಟ್ಟ.

ಆಮೇಲೆ ನನ್ನ ಸರದಿ. ನಮ್ಮಲ್ಲಿ ಏನು ಕೊಟ್ಟರೂ ಕೊಟ್ಟವರ ಹೆಸರು ಅದರ ಮೇಲಿರಬೇಕು. ನಾನು ಬಸ್‌ಸ್ಟಾಪಿನ ಕಲ್ಲುಬೆಂಚಿಗೆ ಬರೆದಿದ್ದೇನೆ, ಶಾಲೆಯ ನೀರಿನ ಡ್ರಮ್ಮಿನ ಮುಚ್ಚಳಕ್ಕೆ ಬರೆದಿದ್ದೇನೆ, ಸ್ಮಶಾನದ ತಗಡಿನ ಚಪ್ಪರಕ್ಕೂ ಬರೆದಿದ್ದೇನೆ. ಫ್ಲೆಕ್ಸು ಬಂದು ಕಸುಬು ಕೆಟ್ಟ ಮೇಲೆ ಈ ದಾನಿಗಳ ಹೆಸರೇ ನನಗೆ ಅನ್ನ. ಇತ್ತ ನಂಜನಗೂಡು, ಅತ್ತ ತಿ. ನರಸೀಪುರದವರೆಗೂ ದಾನಿಗಳು ಎಂಬ ನಾಲ್ಕಕ್ಷರವನ್ನು ನನ್ನಷ್ಟು ದುಂಡಗೆ ಬರೆಯುವವರಿಲ್ಲ ಎಂಬ ಕೊಬ್ಬೂ ಇತ್ತು. ಯಾರೂ ಹೇಳದೆಯೇ ಬ್ರಷ್ಷು ತೆಗೆದೆ. ಹಸಿರು ಗೇಟಿನ ನಡುವಿನ ತಗಡಿನ ಮೇಲೆ ಹಳದಿ ಅಕ್ಷರ, ಅದಕ್ಕೆ ಕೆಂಪು ನೆರಳು. ಛತ್ರದ ಯಜಮಾನರ ಹೆಸರು, ಅದರ ಕೆಳಗೆ 'ಇವರ ಗೇಟು ಸೇವೆ'.

ನೀರುಗಂಟಿಯವರು ಹಿಂದೆ ಬಂದು ನಿಂತರು. ಅವರಿಗೆ ಓದು ಅಷ್ಟಕ್ಕಷ್ಟೇ.

"ಏನ್ಲಾ ಅದು?"

"ಯಜಮಾನ್ರ ಹೆಸ್ರು ಮಾವ."

"ಎಸ್ರು ಯಾಕೆ?"

"ಕೊಟ್ಟವ್ರ ಹೆಸ್ರು ಬರೀದಿದ್ರೆ ನಾಳೆ ಇನ್ನೊಬ್ರು ಕೊಡಾಕಿಲ್ಲ."

"ಕಂಬ ನಿಲ್ಸಿದ್ದು ಈ ಎಣ್ಮಕ್ಳು. ಇಟ್ಟು ಒತ್ತು ತಂದದ್ದು ನಿನ್ ಎಂಡ್ರು. ಅವ್ರ ಎಸ್ರೆಲ್ಲಿ?"

"ಎಲ್ಲಾರ್ದೂ ಬರೆಯೋಕೆ ಜಾಗ ಎಲ್ಲೈತೆ ಮಾವ?"

"ಅಂಗಾರೆ ಯಾರ್ದೂ ಬ್ಯಾಡ, ಅಳಿಸ್ಬುಡು."

ನಾನು ನಕ್ಕೆ. ನಕ್ಕು, ಕೆಂಪು ನೆರಳನ್ನು ಇನ್ನೊಂದು ಸುತ್ತು ತಿದ್ದಿದೆ. ಆ ನಗುವನ್ನು ನೆನೆದರೆ ನನ್ನ ಕೆನ್ನೆಗೆ ನಾನೇ ಬಾರಿಸಿಕೊಳ್ಳಬೇಕೆನಿಸುತ್ತದೆ. ಅವರು ಅಲ್ಲಿ ಒರಗಿಸಿದ್ದ ಹಳೆಯ ಗೇಟನ್ನು ಹೆಗಲಿಗೆ ಹಾಕಿಕೊಂಡು ಹೊರಟರು. ಸೌದೆಗಾ ಮಾವ ಎಂದು ಕೂಗಿದೆ.

ಸುಗ್ಗಿ ಮುಗಿದ ಮೇಲೆ ಒಂದು ಬೆಳಿಗ್ಗೆ ಹಾಲು ಹೊತ್ತು ಹೋದ ಹೆಂಗಸರು ಗೇಟಿನ ಮುಂದೆ ನಿಂತುಬಿಟ್ಟರು. ಗೇಟಿಗೂ ಕಂಬಕ್ಕೂ ಸೇರಿಸಿ ದಪ್ಪ ಸರಪಣಿ, ಅದಕ್ಕೊಂದು ಬೀಗ. ಎರಡೂ ಪಕ್ಕಕ್ಕೆ ಆಳೆತ್ತರದ ತಂತಿಬೇಲಿ ಬಂದಿತ್ತು. ಬೇಲಿಯ ಮೇಲೆ ಫ್ಲೆಕ್ಸು: ಖಾಸಗಿ ಜಾಗ, ಪ್ರವೇಶವಿಲ್ಲ. ನಮ್ಮ ಕೈಯಿಂದಲೇ ಕಂಬ ನೆಟ್ಟಗೆ ಮಾಡಿಸಿ, ನಮ್ಮ ದಾರಿಗೆ ನಮ್ಮ ಕಣ್ಣೆದುರೇ ಬಾಗಿಲು ಇಡಿಸಿಕೊಂಡು, ಈಗ ಬೀಗ ಜಡಿದಿದ್ದರು. ಕೈಮುಗಿದುಕೊಂಡು ಕಾರಿನಿಂದ ಇಳಿದವರ ಅಳಿಲು ಸೇವೆ ಅದು.

ಡೈರಿಯಲ್ಲಿ ಏಳು ಗಂಟೆಯ ಮೇಲೆ ಹಾಲು ತೆಗೆದುಕೊಳ್ಳುವುದಿಲ್ಲ, ಹಾಲಿನ ಗಾಡಿ ಹೊರಟುಬಿಡುತ್ತದೆ. ಹೆಂಗಸರು ಟಾರು ರಸ್ತೆ ಸುತ್ತಿ ಹೋಗುವಷ್ಟರಲ್ಲಿ ಎಷ್ಟೋ ದಿನ ಬಾಗಿಲು ಹಾಕಿರುತ್ತಿತ್ತು; ಹಾಲು ವಾಪಸು. ಹೊತ್ತಾಯಿತೆಂದು ಓಡುತ್ತಿದ್ದ ನನ್ನ ಹೆಂಡತಿಯನ್ನು ಒಂದು ಬೆಳಿಗ್ಗೆ ಕಬ್ಬಿನ ಲಾರಿ ಒತ್ತರಿಸಿಕೊಂಡು ಹೋಯಿತು. ಅವಳು ಪಕ್ಕದ ಹಳ್ಳಕ್ಕೆ ಬಿದ್ದಳು. ಹಾಲಿನ ಕ್ಯಾನು ಉರುಳಿ ರಸ್ತೆಯೆಲ್ಲ ಬೆಳ್ಳಗಾಯಿತು. ಮಂಡಿಯ ಚಿಪ್ಪು ಬಿರುಕು ಬಿಟ್ಟಿತ್ತು. ಇವತ್ತಿಗೂ ಮೆಟ್ಟಿಲು ಹತ್ತುವಾಗ ಗೋಡೆ ಹಿಡಿಯುತ್ತಾಳೆ. ಆಸ್ಪತ್ರೆಯಲ್ಲಿ ಅವಳು ನನ್ನನ್ನು ಕೇಳಿದ್ದು ಒಂದೇ ಮಾತು.

"ಆ ಬೀಗದ ಮೇಲೂ ಎಸ್ರು ಬರ್ದು ಕೊಟ್ಟಿದ್ದೀರಾ?"



ಊರೆಲ್ಲ ಸೇರಿ ದೂರು ಕೊಟ್ಟ ಮೇಲೆ ಒಬ್ಬ ಅಧಿಕಾರಿ ಸ್ಥಳ ನೋಡಲು ಬಂದರು. ಗ್ರಾಮನಕ್ಷೆ ಬಿಡಿಸಿದರು, ಚುಕ್ಕಿ ಗೆರೆಯ ಮೇಲೆ ಬೆರಳಿಟ್ಟರು. ದಾರಿಯಿರುವುದು ನಿಜ, ಆದರೆ ಇಲ್ಲೇ ಹೋಗುತ್ತದೋ ಇನ್ನೊಂದು ಸ್ವಲ್ಪ ಆಚೆಯೋ ಎಂದು ಅಳತೆಯಾಗದೆ ಹೇಳಲಾಗದು ಎಂದರು. ಆಗ ಛತ್ರದ ಯಜಮಾನರು ಮೆಲ್ಲಗೆ ಅವರನ್ನು ಗೇಟಿನ ಹತ್ತಿರ ಕರೆದೊಯ್ದರು.

"ನೋಡಿ ಸಾರ್, ಇದು ನನ್ನ ಗೇಟು. ಮನುಷ್ಯತ್ವದಿಂದ ಇವರಿಗೆ ಓಡಾಡೋಕೆ ಬಿಟ್ಟಿದ್ದೆ. ದಾರಿ ಇವರದಾಗಿದ್ರೆ ನನ್ನ ಹೆಸರು ಯಾಕೆ ಬರೀತಿದ್ರು?"

ಅಧಿಕಾರಿ ನನ್ನ ಅಕ್ಷರಗಳನ್ನು ಗಟ್ಟಿಯಾಗಿ ಓದಿದರು. "ಚೆನ್ನಾಗಿದೆ ಅಕ್ಷರ. ಯಾರು ಬರೆದದ್ದು?"

ಅಲ್ಲಿದ್ದವರೆಲ್ಲ ನನ್ನ ಕಡೆ ತಿರುಗಿದರು. ನನ್ನ ಅಕ್ಷರವನ್ನು ಎಷ್ಟೋ ಜನ ಹೊಗಳಿದ್ದಾರೆ. ಆ ಹೊಗಳಿಕೆಗೆ ಭೂಮಿ ಬಾಯಿಬಿಡಬಾರದೇ ಎನ್ನಿಸಿತು.

"ನೀವೇ ಊರಿನವರೇ ಬರೆದಿದ್ದೀರಿ. ನಾನೇನು ಮಾಡಲಿ?" ಎಂದರು ಅಧಿಕಾರಿ.

ನೀರುಗಂಟಿಯವರು ಮುಂದೆ ಬಂದರು. "ನೀನ್ ಸುಮ್ನಿರಲೋ" ಎಂದರು ಯಜಮಾನರು, ತಮಗಿಂತ ಇಪ್ಪತ್ತು ವರ್ಷ ದೊಡ್ಡವರಿಗೆ. ಅವರು ಅದನ್ನು ಕಿವಿಗೆ ಹಾಕಿಕೊಳ್ಳದೆ ಅಧಿಕಾರಿಗೆ ಕೈಮುಗಿದರು.

"ಸಾ, ಗೇಟು ಇವ್ರದ್ದೇ. ಅಂಗೇ ಬರ್ಕಳಿ."

ನಾವೆಲ್ಲ ಬೆಪ್ಪಾಗಿ ನಿಂತೆವು.

"ದಾರಿ ವಿಚಾರ ಅಳ್ತೆ ಆದ ಮೇಲೆ ನೋಡಿ. ಈ ಗೇಟು, ಸರಪಣಿ, ಬೀಗ ಎಲ್ಲಾ ಯಜಮಾನ್ರ ಸ್ವಂತದ್ದು, ಊರಿಗೂ ಇದ್ಕೂ ಸಂಬಂಧ ಇಲ್ಲ ಅಂತ ಬರೀರಿ. ಅವ್ರ ಕೈಲೂ ಸೈನ್ ಆಕ್ಸಿ."

ಯಜಮಾನರು ಸಂತೋಷವಾಗಿ ಸಹಿ ಹಾಕಿದರು. ನೀರುಗಂಟಿಯವರು ಹೆಬ್ಬೆಟ್ಟು ಒತ್ತಿ, ಕಾಗದದ ಫೋಟೋ ಹೊಡೆದುಕೊಳ್ಳುವಂತೆ ಸೆಕ್ರೆಟರಿಗೆ ಹೇಳಿದರು. ಕಾರುಗಳು ಹೋದ ಮೇಲೆ ನಾವೆಲ್ಲ ಅವರ ಮೇಲೆ ಎರಗಿದೆವು. ಮಾರಿಬಿಟ್ಟೆಯಲ್ಲೋ ಎಂದ ಸೆಕ್ರೆಟರಿ. ನಾನೂ ಹಲ್ಲು ಕಚ್ಚಿಕೊಂಡು ಅವರಿಗೆ ಬೆನ್ನು ತಿರುಗಿಸಿ ಮನೆಗೆ ನಡೆದೆ. ನನ್ನ ತಪ್ಪಿನ ಸಿಟ್ಟನ್ನು ಅವರ ಮೇಲೆ ಕಾರುವುದು ಎಷ್ಟು ಸುಲಭವಾಗಿತ್ತು ಎಂದು ಈಗ ಹೇಸಿಗೆಯಾಗುತ್ತದೆ.

ಎರಡು ದಿನ ಬಿಟ್ಟು ಅಂಗಡಿಗೆ ಬಂದರು. ಅವತ್ತು ಬೈಯಲಿಲ್ಲ, ಅದೇ ನನಗೆ ಹೆದರಿಕೆಯಾದದ್ದು.

"ಸೋಮ್ವಾರ ಬೆಳಿಗ್ಗೆ ಬಾ. ಅವತ್ತು ಬಂದಿದ್ದೋರ್ನೆಲ್ಲ ಕರ್ಕಂಡ್ ಬಾ."

"ಬೀಗ ಒಡೀತೀವಾ ಮಾವ?"

"ಇನ್ನೊಬ್ರ ಬೀಗ ನಾವ್ಯಾಕ್ ಒಡೆಯಾನ?"

ಸೋಮವಾರ ಗೇಟಿನ ಎರಡೂ ಬದಿಗೆ ನಮ್ಮನ್ನು ನಿಲ್ಲಿಸಿದರು. ನನ್ನ ಹೆಂಡತಿಯೂ ಮಂಡಿಗೆ ಪಟ್ಟಿ ಕಟ್ಟಿಕೊಂಡು ಬಂದಿದ್ದಳು. ತೂಬಿನ ಹಲಗೆ ಎತ್ತಿಸುವಾಗ ಕೂಗುವ ಹಾಗೆ ಕೂಗಿದರು. ಎಲ್ಲರೂ ಒಟ್ಟಿಗೆ ಎತ್ತಿದೆವು. ವೆಲ್ಡಿಂಗ್ ಇಲ್ಲದ ಕೊಕ್ಕೆಗಳಿಂದ ಗೇಟು ಮೇಲಕ್ಕೆ ಬಂತು. ಇನ್ನೂ ಎತ್ತಿ ಎಂದರು. ಕಂಬ ಎದೆಯೆತ್ತರದ್ದು ತಾನೆ. ಸುತ್ತಿದ್ದ ಸರಪಣಿ ಕಂಬದ ನೆತ್ತಿಯಿಂದ ಜಾರಿ ಹೊರಬಂತು. ಬೀಗ ಹಾಕಿದ್ದು ಹಾಕಿದಂತೆಯೇ ಗೇಟಿಗೆ ನೇತಾಡುತ್ತಿತ್ತು. ಅವತ್ತು ವೆಲ್ಡಿಂಗಿನವನ ಹತ್ತಿರ ಹಟ ಹಿಡಿದದ್ದು ಯಾಕೆಂದು ಆಗ ತಿಳಿಯಿತು. ಇಂಥದ್ದು ಆಗುತ್ತದೆಂದು ಗೊತ್ತಿತ್ತಾ ಎಂದು ಕೇಳಿದೆ. "ಗೊತ್ತಿರ್ನಿಲ್ಲ. ನೀರು ಯಾವತ್ತು ಜಾಸ್ತಿ ಬತ್ತದೆ ಅಂತ ಯಾರಿಗ್ ಗೊತ್ತು?" ಎಂದರು.

ಸೆಕ್ರೆಟರಿಯ ಟ್ರ್ಯಾಕ್ಟರಿಗೆ ಗೇಟು ಏರಿಸಿದೆವು. ಅವರೂ ಹತ್ತಿ ಗೇಟಿನ ಪಕ್ಕದಲ್ಲೇ ಕೂತರು. ನಂಜನಗೂಡಿನ ಛತ್ರದ ಮುಂದೆ ಇಳಿಸಿ, ಹೆಬ್ಬಾಗಿಲಿನ ಪಕ್ಕಕ್ಕೆ ಜೋಪಾನವಾಗಿ ಒರಗಿಸಿದೆವು, ನನ್ನ ಅಕ್ಷರಗಳು ರಸ್ತೆಗೆ ಕಾಣುವ ಹಾಗೆ. ಒಳಗೆ ಯಾರದೋ ಬೀಗರೂಟ ನಡೆಯುತ್ತಿತ್ತು. ಊಟಕ್ಕೆ ಬಂದವರೆಲ್ಲ ನಿಂತು ನೋಡಿದರು. ಯಜಮಾನರು ಓಡಿಬಂದರು.

"ನಿಮ್ ಗೇಟು ಒಪ್ಸಕ್ಕೆ ಬಂದೊ" ಎಂದರು ನೀರುಗಂಟಿಯವರು. "ಬೀಗ, ಸರಪಣಿ ಎಲ್ಲಾ ಸರಿಯಾಗದೆ, ನೋಡ್ಕಳಿ. ದಾರಿ ಮಾತ್ರ ತರಾಕ್ ಆಗ್ನಿಲ್ಲ. ಅದು ನಮ್ದು, ಅಲ್ಲೇ ಅದೆ."

ಕಳ್ಳತನ ಎಂದು ಯಜಮಾನರು ಪೊಲೀಸರನ್ನು ಕರೆಸಿದರು. ಬಂದವರು ಸೆಕ್ರೆಟರಿಯ ಫೋನಿನಲ್ಲಿದ್ದ ಕಾಗದ ಓದಿದರು, ಗೇಟು ನೋಡಿದರು, ಅದರ ಮೇಲಿನ ಹೆಸರು ನೋಡಿದರು. "ಸ್ವಾಮಿ, ನಿಮ್ಮ ಹೆಸರಿನ ವಸ್ತು ನಿಮ್ಮ ಬಾಗಿಲಲ್ಲೇ ಇದೆ. ಕದ್ದದ್ದು ಏನು ಅಂತ ಬರೆದುಕೊಳ್ಳಲಿ?" ಎಂದು ಕೇಳಿ ಹೊರಟುಹೋದರು.

ಊರಿಗೆ ಬಂದಾಗ ನಡುಹಗಲು. ನೀರುಗಂಟಿಯವರು ಮನೆಗೆ ಹೋಗಿ ಹಳೆಯ ಗೇಟನ್ನು ಹೆಗಲ ಮೇಲೆ ಹೊತ್ತು ತಂದರು. ಸೌದೆ ಮಾಡಿರಲಿಲ್ಲ, ದನದ ಕೊಟ್ಟಿಗೆಯ ಅಟ್ಟದಲ್ಲಿ ಇಟ್ಟಿದ್ದರಂತೆ. ಕೊಕ್ಕೆಗೆ ಅದು ತಾನಾಗಿಯೇ ಹೋಗಿ ಕೂತಿತು. ಬುಡದ ಪಟ್ಟಿಗೆ ಒಂದು ಮನೆಯಿಂದ ಜಾಲಿ ತುಂಡು ಬಂತು, ಇನ್ನೊಂದು ಮನೆಯಿಂದ ಹಳೆಯ ಮಂಚದ ಸರಳು. ಸೆಕ್ರೆಟರಿ ಡೈರಿಯ ಮುರಿದ ಕ್ಯಾನಿನ ಪಟ್ಟಿ ಕತ್ತರಿಸಿ ಮೂಲೆಗೆ ಬಿಗಿದ. ನನ್ನ ಹೆಂಡತಿ ಅವತ್ತು ಉರುಳಿ ಚಪ್ಪಟೆಯಾದ ಕ್ಯಾನಿನ ಹಿಡಿಯನ್ನೇ ತಂದುಕೊಟ್ಟಳು. ಗೇಟು ಎಳೆಯಲು ಈಗಲೂ ಅದೇ ಹಿಡಿ. ಅವರು ಮೊದಲು ಹೇಳಿದ ಹಾಗೆ ಒಂದೊಂದು ತುಂಡು ತಂದು ಮಾಡಿದ ಗೇಟು ಅದು. ನಾನು ಬ್ರಷ್ಷು ಹಿಡಿದು ನಿಂತು, ನಾನೇನು ಮಾಡಲಿ ಮಾವ ಎಂದೆ.

"ಬಣ್ಣ ಬಳಿ. ಅಕ್ಷರ ಬ್ಯಾಡ."

ಅಷ್ಟೇ. ನನ್ನ ತಪ್ಪಿಗೆ ಅವರು ಹಾಕಿದ ದಂಡ ಅಷ್ಟೇ. ಪ್ರತಿವರ್ಷ ನಾಲೆಗೆ ನೀರು ಬಿಡುವ ಮುಂಚೆ ಹಸಿರು ಬಣ್ಣ ಬಳಿಯುತ್ತೇನೆ.

ಅವರು ತೀರಿಕೊಂಡದ್ದು ನಾಲೆ ಒಣಗಿದ್ದ ತಿಂಗಳಿನಲ್ಲಿ, ಎರಡು ತಿಂಗಳು ಹಾಸಿಗೆ ಹಿಡಿದು. ಮಲಗಿಸಿದ್ದಾಗ ಕಾಲಿನ ಹತ್ತಿರ ಕೂತಿದ್ದೆ. ಬೆರಳುಗಳ ಸಂದು ಒಣಗಿ, ಸೀಳುಗಳೆಲ್ಲ ಕೂಡಿಕೊಂಡಿದ್ದವು. ಅದನ್ನು ನೋಡಿದಾಗ ನಾನು ಅತ್ತೆ.

ಸಿಟ್ಟು ಇನ್ನೂ ಇಳಿದಿಲ್ಲ, ಇಳಿಯುವುದೂ ಬೇಡ. ದಾರಿಯ ಅಳತೆ ಇವತ್ತಿನವರೆಗೂ ಆಗಿಲ್ಲ. ಫೈಲು ಎಲ್ಲೋ ಇದೆ ಎನ್ನುತ್ತಾರೆ. ಮೊನ್ನೆ ಛತ್ರದ ಯಜಮಾನರು ಪಂಚಾಯ್ತಿಯ ಇಬ್ಬರನ್ನು ಜೊತೆಯಲ್ಲಿ ಕರೆದುಕೊಂಡು ಅಂಗಡಿಗೆ ಬಂದಿದ್ದರು. ಹಳೆಯದನ್ನೆಲ್ಲ ಮರೆಯೋಣ ಎಂದರು. ನೀರುಗಂಟಿಯವರ ನೆನಪಿಗೆ ಕಾಲುದಾರಿಯ ಬಾಯಲ್ಲಿ ಒಂದು ಕಮಾನು ಕಟ್ಟಿಸುತ್ತಾರಂತೆ. ಮೇಲೆ ಅವರ ಹೆಸರು ದೊಡ್ಡದಾಗಿ, ಕೆಳಗೆ ಚಿಕ್ಕದಾಗಿ ದಾನಿಗಳ ಹೆಸರು. ನೀವೇ ಬರೆಯಬೇಕು, ನಿಮ್ಮ 'ಮಾವ' ಅಲ್ಲವೇ ಎಂದರು. ಬದುಕಿದ್ದಾಗ 'ಸುಮ್ನಿರಲೋ' ಎಂದ ಬಾಯಿ ಅದು, ಈಗ ಹೆಸರಿನ ಮುಂದೆ ಶ್ರೀ ಸೇರಿಸಿ ಹೇಳುತ್ತಿತ್ತು. ನಾನು ಬ್ರಷ್ಷನ್ನು ಸೀಮೆಎಣ್ಣೆಗೆ ಅದ್ದಿ ತೊಳೆಯುತ್ತಾ ಕೂತೆ. ಅವರು ಎದ್ದು ಹೋಗುವವರೆಗೂ ತೊಳೆದೆ.

ಹೆಸರು ಬರೆಯುವುದು ನನ್ನ ಕಸುಬು. ಆದರೂ ಇಷ್ಟುದ್ದ ಬರೆದವನು ಅವರ ಹೆಸರನ್ನು ಇಲ್ಲೆಲ್ಲೂ ಬರೆದಿಲ್ಲ, ನೀವು ಗಮನಿಸಿರಬಹುದು. ಎತ್ತಿಕೊಂಡು ಹೋಗಿ ಇನ್ನೊಬ್ಬರ ಬಾಗಿಲಿಗೆ ಒರಗಿಸುವಂಥದ್ದೇನನ್ನೂ ನಾನು ಇನ್ನು ಆ ದಾರಿಯ ಮೇಲೆ ಇಡುವುದಿಲ್ಲ. ಹುಲ್ಲಹಳ್ಳಿ ರಸ್ತೆಯಲ್ಲಿ ಡೈರಿಯ ಎದುರಿಗೆ ಎದೆಯೆತ್ತರದ ಎರಡು ಕಲ್ಲುಕಂಬ, ನಡುವೆ ಹಸಿರು ಗೇಟು ಕಂಡರೆ ತೆರೆದು ಒಳಗೆ ಬನ್ನಿ. ದಾಟಿದ ಮೇಲೆ ನಿಮ್ಮ ಪಾಲಿನದನ್ನು ನೀವು ಮುಚ್ಚಿ.